ಎದುರಾಳಿಯ ದಾಖಲೆಯಲ್ಲಿ ದೊರೆತ ವೀರ: ಅಜ್ಜಮಾಡ ದೇವಯ್ಯ

ಯುದ್ಧದ ಇತಿಹಾಸವನ್ನು ಬರೆಯುವವನು ಒಂದೇ ಪಕ್ಷದ ಕಡತಗಳನ್ನು ನಂಬಿ ಕುಳಿತರೆ ಅವನಿಗೆ ಸತ್ಯದ ಅರ್ಧಭಾಗ ಮಾತ್ರ ದಕ್ಕೀತು. 1940ರ ಸೆಪ್ಟೆಂಬರ್ 15ರಂದು ಜರ್ಮನಿಯ 185 ವಿಮಾನಗಳನ್ನು ಕೆಡವಿದೆವೆಂದು ಬ್ರಿಟಿಷರು ಸಾರಿದ್ದರು. ಯುದ್ಧಾನಂತರ ಜರ್ಮನರ ದಾಖಲೆಗಳನ್ನು ಪರಿಶೀಲಿಸಿದಾಗ ಆ ಸಂಖ್ಯೆಯು ಸುಮಾರು 60ಕ್ಕೆ ಇಳಿಯಿತು. ಅಲ್ಲಿ ಎದುರಾಳಿಯ ದಾಖಲೆಯು ವಿಜಯವನ್ನು ತಗ್ಗಿಸಿತು. ಅಂತಹುದೇ ದಾಖಲೆಯು ಯಾರೂ ಅರಿಯದಿದ್ದ ವಿಜಯವೊಂದನ್ನು ಬೆಳಕಿಗೆ ತಂದ ನಿದರ್ಶನವು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರದು.

ದೇವಯ್ಯನವರು 1932ರಲ್ಲಿ ಜನಿಸಿ, 1954ರಲ್ಲಿ ಭಾರತೀಯ ವಾಯುಪಡೆಯನ್ನು ಸೇರಿದರು. ಕಾರ್ಯಪ್ಪ, ತಿಮ್ಮಯ್ಯನವರಂತಹ ದಂಡನಾಯಕರನ್ನು ಭೂಸೇನೆಗೆ ಇತ್ತ ನಾಡಿನಲ್ಲಿ ಹುಟ್ಟಿದ ಇವರು ಆರಿಸಿಕೊಂಡುದು ಆಕಾಶಮಾರ್ಗವನ್ನು. 1965ರ ಯುದ್ಧವು ಒದಗಿದಾಗ ಅವರು ಹಾರಾಟದ ಬೋಧಕರಾಗಿದ್ದರು. ಮಿಯಾಪುರಕ್ಕೆ ಹೆಚ್ಚು ದೂರವಲ್ಲದ ದುಂಡಿಗಲ್ಲಿನ ಅಕಾಡೆಮಿಯಲ್ಲಿ ಇಂದು ನಡೆಯುವುದು ಅದೇ ಬಗೆಯ ಕಾರ್ಯ. ಯುದ್ಧವು ಈ ಬೋಧಕರನ್ನು ಒಂದನೆಯ ಸ್ಕ್ವಾಡ್ರನ್ನಿಗೆ ಕರೆತಂದಿತು.

ಸೆಪ್ಟೆಂಬರ್ 7ರ ಬೆಳಗ್ಗೆ ಆದಂಪುರದಿಂದ 12 ಮಿಸ್ಟೇರ್ ವಿಮಾನಗಳು ಸರ್ಗೋಧಾದ ಮೇಲೆ ದಾಳಿಗೆ ಹೊರಡಬೇಕಾಗಿದ್ದಿತು. ವಿಂಗ್ ಕಮಾಂಡರ್ ತನೇಜಾ ನಾಯಕರು. ದೇವಯ್ಯನವರು ಮೀಸಲು ವೈಮಾನಿಕರು. ಯಾರಾದರೂ ಹಿಂದುಳಿದರೆ ಆ ಸ್ಥಾನವನ್ನು ತುಂಬುವುದು, ಇಲ್ಲವಾದರೆ ಮರಳುವುದು ಅವರಿಗೆ ಒಪ್ಪಿಸಿದ ಕೆಲಸ. ಅಂದು ಸ್ಥಾನವು ತೆರವಾಯಿತು, ಅವರು ಮುಂದುವರಿದರು. ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನರ ಸ್ಟಾರ್‌ಫೈಟರ್ ಅವರನ್ನು ಅಡ್ಡಗಟ್ಟಿತು. ಶಬ್ದದ ಇಮ್ಮಡಿ ವೇಗವುಳ್ಳ ಆ ವಿಮಾನದ ಮುಂದೆ ಮಿಸ್ಟೇರ್ ಬಹಳ ನಿಧಾನದ್ದು. ಆದರೂ ತಮ್ಮ ವಿಮಾನವು ಪೆಟ್ಟು ತಿಂದ ಮೇಲೂ ದೇವಯ್ಯನವರು ಹಿಮ್ಮೆಟ್ಟಲಿಲ್ಲ. ತಿರುವುಗಳ ಕಾದಾಟದಲ್ಲಿ ವೇಗದ ಮೇಲ್ಗೈ ಕುಂದುತ್ತದೆ. ಆ ಕಾದಾಟದಲ್ಲಿಯೇ ಅವರು ಸ್ಟಾರ್‌ಫೈಟರನ್ನು ಹೊಡೆದು ಕೆಡವಿದರು. ಹುಸೇನರು ಪ್ಯಾರಾಚೂಟಿನಿಂದ ಧುಮುಕಿ ಬದುಕಿದರು. ದೇವಯ್ಯನವರು ಮರಳಲಿಲ್ಲ.

ಈ ಕಾಳಗವನ್ನು ಸಂಗಡಿಗರಾರೂ ಕಂಡಿರಲಿಲ್ಲ. ಆದುದರಿಂದ ನಮ್ಮ ಕಡತಗಳಲ್ಲಿ ಉಳಿದುದು ‘ಕಾಣೆಯಾದವರು’ ಎಂಬ ಒಂದು ನಮೂದು ಮಾತ್ರ. ಪಾಕಿಸ್ತಾನದ ಮೂಲಗಳನ್ನು ಆಧರಿಸಿ ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕರು 1979ರಲ್ಲಿ ಪ್ರಕಟಿಸಿದ ಗ್ರಂಥದಿಂದ ಮಿಸ್ಟೇರೊಂದು ಸ್ಟಾರ್‌ಫೈಟರನ್ನು ಉರುಳಿಸಿದ ಸಂಗತಿಯು ತಿಳಿದುಬಂದಿತು. ತಮ್ಮ ದಳದಲ್ಲಿ ಮರಳದೆ ಉಳಿದವರು ಯಾರೆಂಬುದು ತನೇಜಾರಿಗೆ ಗೊತ್ತಿದ್ದಿತು. ಅವರು ಈ ವಿಷಯವನ್ನು ವಾಯುಪಡೆಯ ಗಮನಕ್ಕೆ ತಂದರು. 1988ರಲ್ಲಿ, ಎಂದರೆ 23 ವರ್ಷಗಳ ತರುವಾಯ, ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರವು ಸಂದಿತು.

ಇಲ್ಲಿ ಸಾಕ್ಷ್ಯದ ತೂಕವನ್ನು ಗಮನಿಸಬೇಕು. ತನ್ನ ಜಮೆಯನ್ನು ಹೆಚ್ಚಿಸಿ ಬರೆದುಕೊಳ್ಳುವವರು ಉಂಟು. ತನಗಾದ ನಷ್ಟವನ್ನು ಇಲ್ಲದಿದ್ದರೂ ಬರೆದುಕೊಳ್ಳುವವರು ವಿರಳ. ತನ್ನ ಶ್ರೇಷ್ಠ ವಿಮಾನವು ಹಳೆಯ ವಿಮಾನದಿಂದ ಉರುಳಿತೆಂಬ ಒಪ್ಪಿಗೆಯನ್ನು ಶತ್ರುಪಕ್ಷವು ಹಂಗಿಗಾಗಲಿ ದಾಕ್ಷಿಣ್ಯಕ್ಕಾಗಲಿ ಕೊಟ್ಟುದಲ್ಲ. ಎರಡು ಪಕ್ಷಗಳ ಲೆಕ್ಕಗಳನ್ನು ತಾಳೆ ನೋಡಿದ್ದರಿಂದ ಯೋಧರೊಬ್ಬರಿಗೆ ನ್ಯಾಯವು ದೊರೆಯಿತು. ಅವರ ಬದುಕಿನ ಉಳಿದ ಭಾಗವನ್ನು ಅರಿಯಲು ಕೊಡಗಿನ ಮನೆಗಳಲ್ಲಿ ಉಳಿದಿರಬಹುದಾದ ಪತ್ರ, ಭಾವಚಿತ್ರ, ನೆನಪುಗಳನ್ನು ಸಂಗ್ರಹಿಸುವ ಕೆಲಸವನ್ನು ಕನ್ನಡ ಸಂಶೋಧಕರು ಕೈಗೊಳ್ಳುವುದು ಉಚಿತ.