ಹಳೆಯ ಸಣ್ಣ ಕಾರಿಗೆ ಕಳ್ಳರ ಭಯ: ಮಾಲೀಕರು ಅರಿತಿರಬೇಕಾದ ಸಂಗತಿಗಳು

ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ ಹಾಗೂ ಲಿಂಗಸುಗೂರು ಪಟ್ಟಣಗಳನ್ನು 150ಎ ರಾಷ್ಟ್ರೀಯ ಹೆದ್ದಾರಿ ಒಂದೇ ಸಾಲಿನಲ್ಲಿ ಪೋಣಿಸಿದೆ. ಒಂದೆಡೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ ಮತ್ತು ಅಕ್ಕಿ ಗಿರಣಿಗಳು, ಇನ್ನೊಂದೆಡೆ ಹಟ್ಟಿ ಚಿನ್ನದ ಗಣಿ. ರೈತರು, ವರ್ತಕರು, ಶಿಕ್ಷಕರು ಹಾಗೂ ಸಣ್ಣ ನೌಕರರ ಪಾಲಿಗೆ ಹಳೆಯದೊಂದು ಮಾರುತಿ 800, ಆಲ್ಟೊ, ಸ್ಯಾಂಟ್ರೊ ಅಥವಾ ಇಂಡಿಕಾ ನಿತ್ಯದ ಆಸರೆಯಾಗಿರುತ್ತದೆ. ಇಂತಹ ಕಾರಿಗೆ ಮಾರುಕಟ್ಟೆಯಲ್ಲಿ ಸಿಗುವ ಬೆಲೆ ಅಲ್ಪವಾದರೂ, ಅದು ಕಳುವಾದರೆ ಬದಲಿ ಕಾರು ಕೊಳ್ಳುವ ಶಕ್ತಿ ಅನೇಕ ಮಾಲೀಕರಿಗೆ ಇರುವುದಿಲ್ಲ. ಹಳೆಯ ಕಾರುಗಳಿಗೆ ಮೂರನೇ ವ್ಯಕ್ತಿಯ ವಿಮೆಯನ್ನಷ್ಟೇ ಮಾಡಿಸುವ ರೂಢಿ ಇರುವುದರಿಂದ ಕಳವಿನ ನಷ್ಟವೆಲ್ಲ ಮಾಲೀಕರ ತಲೆಯ ಮೇಲೆಯೇ ಬೀಳುತ್ತದೆ.

ಹಳೆಯ ಕಾರೇ ಏಕೆ?

ಮಾರುತಿ 800 ಕಾರು 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿಯಿತು. 2014ರ ಜನವರಿಯಲ್ಲಿ ಅದರ ತಯಾರಿಕೆ ನಿಂತಿತು. ತಯಾರಿಕೆ ನಿಂತರೂ ಓಡಾಡುವ ಕಾರುಗಳಿಗೆ ಬಿಡಿಭಾಗ ಬೇಕೇ ಬೇಕು. ಆದ್ದರಿಂದ ಇಂತಹ ಕಾರು ಬಿಚ್ಚಿದ ಭಾಗಗಳ ರೂಪದಲ್ಲಿಯೂ ಕಳ್ಳರಿಗೆ ಲಾಭ ತರುತ್ತದೆ. ಬ್ಯಾಟರಿ, ಸ್ಟೆಪ್ನಿ, ಸಂಗೀತ ಸಾಧನ ಇವು ಸುಲಭದ ತುತ್ತುಗಳು.

ಇತ್ತೀಚಿನ ಕಾರುಗಳಲ್ಲಿ ಕೀಲಿಯೊಳಗಿನ ಚಿಪ್ಪನ್ನು ಗುರುತಿಸದ ಹೊರತು ಎಂಜಿನ್ ಚಾಲನೆಗೊಳ್ಳದಂತೆ ತಡೆಯುವ ಇಮೊಬಿಲೈಸರ್ ಇರುತ್ತದೆ. ಹಳೆಯ ಕಾರುಗಳಲ್ಲಿ ಬಹುತೇಕ ಈ ವ್ಯವಸ್ಥೆ ಇಲ್ಲ. ಜತೆಗೆ, ಹತ್ತಿಪ್ಪತ್ತು ವರ್ಷ ಬಳಸಿದ ಬೀಗದೊಳಗಿನ ತೆಳು ಫಲಕಗಳು ಸವೆದು, ಬೇರೆ ಕಾರಿನ ಸವೆದ ಕೀಲಿಗೂ ತೆರೆದುಕೊಳ್ಳುವ ಸ್ಥಿತಿ ತಲುಪಿರುತ್ತವೆ. ಗಟ್ಟಿಯಾಗಿ ಬಿರುಕು ಬಿಟ್ಟ ಕಿಟಕಿ ರಬ್ಬರ್, ಸಡಿಲಗೊಂಡ ಗಾಜು, ಸರಿಯಾಗಿ ಕೂರದ ಹಿಂಬಾಗಿಲು ಇವೆಲ್ಲವೂ ಒಳನುಗ್ಗಲು ದಾರಿ ಮಾಡಿಕೊಡುತ್ತವೆ.

ಮೊದಲು ಬೀಗ, ನಂತರ ಉಪಕರಣ

ದುಬಾರಿ ಉಪಕರಣಕ್ಕೆ ಹಣ ತೆರುವ ಮುನ್ನ ಇರುವ ಬೀಗಗಳನ್ನು ದುರಸ್ತಿ ಮಾಡಿಸುವುದು ಜಾಣತನ. ಬಾಗಿಲು, ಡಿಕ್ಕಿ ಹಾಗೂ ಇಗ್ನಿಷನ್ ಬೀಗಗಳನ್ನು ಒಂದೇ ಕೀಲಿಯ ಹೊಸ ಜೋಡಿಯಾಗಿ ಬದಲಿಸಬಹುದು. ಕೀಲಿ ತೆಗೆದು ಸ್ಟೀರಿಂಗ್ ತಿರುಗಿಸಿದಾಗ ಅದು ಬಿಗಿದುಕೊಳ್ಳುತ್ತದೆಯೇ ಎಂದು ಪರೀಕ್ಷಿಸಬೇಕು. ಬಾನೆಟ್ ಬೀಗ ಸಡಿಲವಾಗಿದ್ದರೆ ಬ್ಯಾಟರಿ ಉಳಿಯುವುದು ಕಷ್ಟ.

ಅನಂತರ ಕಣ್ಣಿಗೆ ಕಾಣುವ ತಡೆ. ಸ್ಟೀರಿಂಗ್ ಚಕ್ರಕ್ಕೆ ಅಡ್ಡಲಾಗಿ ಹಾಕುವ ಉಕ್ಕಿನ ಸರಳು ಅಥವಾ ಗೇರ್ ಬೀಗ ಕಳ್ಳನ ಸಮಯವನ್ನು ತಿನ್ನುತ್ತದೆ. ಸದ್ದು ಮತ್ತು ವಿಳಂಬ ಎರಡಕ್ಕೂ ಅಂಜುವ ಕಳ್ಳ ಅದನ್ನು ಕಂಡೊಡನೆ ಮುಂದಿನ ಕಾರಿನತ್ತ ಸರಿಯುವ ಸಂಭವವೇ ಹೆಚ್ಚು.

ಮೂರನೆಯದು ಮರೆಯಲ್ಲಿರುವ ಸ್ವಿಚ್. ಇಂಧನ ಇಂಜೆಕ್ಷನ್ ಇರುವ ಪೆಟ್ರೋಲ್ ಕಾರುಗಳಲ್ಲಿ ಇಂಧನ ಪಂಪಿನ ರಿಲೇಗೆ ಈ ಸ್ವಿಚ್ ಜೋಡಿಸುತ್ತಾರೆ. ಕಾರ್ಬ್ಯುರೇಟರ್ ಇರುವ ಹಳೆಯ ಮಾರುತಿ 800 ಕಾರಿನಲ್ಲಿ ಇಂಧನ ಪಂಪು ಯಾಂತ್ರಿಕವಾದದ್ದು. ಆದ್ದರಿಂದ ಅಲ್ಲಿ ಇಗ್ನಿಷನ್ ಕಾಯಿಲ್‌ನ ವಿದ್ಯುತ್ ಸಂಪರ್ಕ ಕಡಿಯುವಂತೆ ಜೋಡಿಸಬೇಕಾಗುತ್ತದೆ. ಖರ್ಚು ಕಡಿಮೆ, ಫಲ ಹೆಚ್ಚು. ಆದರೆ ಸರಿಯಾದ ಫ್ಯೂಸ್ ಇಲ್ಲದೆ, ಸಡಿಲ ತಂತಿಗಳಿಂದ ಮಾಡಿದ ಜೋಡಣೆ ಬೆಂಕಿಗೆ ಅಥವಾ ನಡುರಸ್ತೆಯಲ್ಲಿ ಎಂಜಿನ್ ನಿಲ್ಲುವುದಕ್ಕೆ ಕಾರಣವಾದೀತು. ಪಳಗಿದ ಆಟೊ ಎಲೆಕ್ಟ್ರಿಷಿಯನ್‌ನಿಂದಲೇ ಇದನ್ನು ಮಾಡಿಸಬೇಕು.

ಸಿಮ್ ಆಧಾರಿತ ಜಿಪಿಎಸ್ ಸಾಧನ ಕಳವನ್ನು ತಡೆಯುವುದಿಲ್ಲ, ಕಳುವಾದ ಕಾರಿನ ಜಾಡು ತೋರಿಸುತ್ತದೆ. ಕಾರಿನ ಬ್ಯಾಟರಿ ಕಳಚಿದರೂ ಕೆಲಕಾಲ ನಡೆಯುವಂತೆ ಸ್ವಂತ ಬ್ಯಾಟರಿ ಇರುವ ಸಾಧನವೇ ಲೇಸು. ಸಿಮ್‌ನ ವಾಯಿದೆ ಮುಗಿದರೆ ಸಾಧನ ಇದ್ದೂ ಇಲ್ಲದಂತೆ.

ನಿಲ್ಲಿಸುವ ಜಾಗ, ಒಯ್ಯುವ ಹಣ

ಸುಗ್ಗಿಯ ದಿನಗಳಲ್ಲಿ ಭತ್ತ ಮಾರಿದ ಹಣವನ್ನು ಬ್ಯಾಂಕಿನಿಂದ ತೆಗೆದು ಕಾರಿನಲ್ಲಿ ಒಯ್ಯುವವರು ಅತ್ಯಂತ ಜಾಗರೂಕರಾಗಿರಬೇಕು. ಟೈರು ಪಂಕ್ಚರ್ ಆಗಿದೆ, ಎಣ್ಣೆ ಸೋರುತ್ತಿದೆ, ನಿಮ್ಮ ನೋಟು ಕೆಳಗೆ ಬಿದ್ದಿದೆ ಎಂದು ಹೇಳಿ ಗಮನ ಬೇರೆಡೆ ಸೆಳೆಯುವುದು ಕಳ್ಳರ ಹಳೆಯ ತಂತ್ರ. ಚಾಲಕ ಕೆಳಗಿಳಿದು ಬಗ್ಗಿ ನೋಡುವಷ್ಟರಲ್ಲಿ ಮತ್ತೊಂದು ಬದಿಯಿಂದ ಚೀಲ ಮಾಯವಾಗುತ್ತದೆ. ಯಾರೇ ಕೂಗಿದರೂ ಹಣದ ಚೀಲ ಕೈಯಲ್ಲಿ ಹಿಡಿದೇ ಇಳಿಯಬೇಕು. ಹಣವಿದ್ದಾಗ ಬ್ಯಾಂಕಿನಿಂದ ನೇರವಾಗಿ ಮನೆ ಸೇರುವುದು, ನಡುವೆ ಚಹಾಕ್ಕೂ ನಿಲ್ಲದಿರುವುದು ಕ್ಷೇಮ.

ಸಿಂಧನೂರು ತಾಲ್ಲೂಕಿನ ಅಂಬಾಮಠದ ಜಾತ್ರೆ, ಮಸ್ಕಿಯ ಮಲ್ಲಿಕಾರ್ಜುನ ಜಾತ್ರೆ, ಲಿಂಗಸುಗೂರು ತಾಲ್ಲೂಕಿನ ಮುದಗಲ್ ಮೊಹರಂಗೆ ದೊಡ್ಡ ಸಂಖ್ಯೆಯಲ್ಲಿ ಜನ ಸೇರುತ್ತಾರೆ. ಹೊಲದಂಚಿನ ಕತ್ತಲಲ್ಲಿ ಕಾರು ಬಿಟ್ಟು ಹೋಗುವುದಕ್ಕಿಂತ ಕಾವಲಿರುವ ತಾಣಕ್ಕೆ ಶುಲ್ಕ ತೆರುವುದು ಅಗ್ಗ. ಕಾರನ್ನು ಬೆಳಕಿರುವ ಕಡೆ, ಡಿಕ್ಕಿ ಗೋಡೆಗೆ ಮುಖ ಮಾಡುವಂತೆ ನಿಲ್ಲಿಸಬೇಕು. ಸೀಟಿನ ಮೇಲೆ ಖಾಲಿ ಚೀಲವನ್ನೂ ಬಿಡಬಾರದು. ಒಳಗೇನಿದೆ ಎಂಬ ಕುತೂಹಲವೇ ಗಾಜು ಒಡೆಸುತ್ತದೆ.

ಮೂಲ ಆರ್‌ಸಿ ಪುಸ್ತಕವನ್ನು ಕಾರಿನಲ್ಲಿಡುವ ಅಭ್ಯಾಸವನ್ನು ಕೈಬಿಡಬೇಕು. ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿ ತೋರಿಸುವ ದಾಖಲೆಗಳಿಗೆ ಮಾನ್ಯತೆ ಇದೆ. ಕಾರಿನೊಂದಿಗೆ ದಾಖಲೆಯೂ ಹೋದರೆ ಮಾರಾಟ ಕಳ್ಳನಿಗೆ ಇನ್ನಷ್ಟು ಸಲೀಸು.

ನೋಂದಣಿ ಫಲಕ ಮತ್ತು ಹೆಸರು ಬದಲಾವಣೆ

2019ರ ಏಪ್ರಿಲ್ 1ಕ್ಕೆ ಮುನ್ನ ನೋಂದಣಿಯಾದ ವಾಹನಗಳಿಗೂ ಅತಿ ಸುರಕ್ಷಿತ ನೋಂದಣಿ ಫಲಕ ಕಡ್ಡಾಯವೆಂದು ರಾಜ್ಯ ಸರ್ಕಾರ 2023ರ ಆಗಸ್ಟ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಲೇಸರ್‌ನಿಂದ ಕೊರೆದ ಗುರುತಿನ ಸಂಖ್ಯೆ ಹಾಗೂ ಒಮ್ಮೆ ತೆಗೆದರೆ ಮತ್ತೆ ಕೂರದ ಬೀಗ ಇರುವುದರಿಂದ ಕೆಎ-36 ಫಲಕವನ್ನು ಕಿತ್ತು ಬೇರೆ ಕಾರಿಗೆ ಹಾಕುವುದು ಕಷ್ಟವಾಗುತ್ತದೆ.

ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಆರ್‌ಸಿಯಲ್ಲಿ ಹೆಸರು ಬದಲಿಸದೆ ವರ್ಷಗಟ್ಟಲೆ ಓಡಿಸುವುದುಂಟು. ಕಾರು ಕಳುವಾದಾಗ ದೂರು ಯಾರದು, ವಿಮೆ ಯಾರದು ಎಂಬ ತೊಡಕು ಆಗ ಏಳುತ್ತದೆ. ಮಾರಿದವರಿಗೂ ಅಪಾಯ ತಪ್ಪದು: ಸಾರಿಗೆ ಇಲಾಖೆಯ ದಾಖಲೆಯಲ್ಲಿ ಹೆಸರಿರುವವರೇ ಮಾಲೀಕರು, ಅಪಘಾತ ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ.

ವಿಮೆಯ ಲೆಕ್ಕ

ಕಳವಿಗೆ ಪರಿಹಾರ ಬೇಕಿದ್ದರೆ ಸಮಗ್ರ ವಿಮೆ ಅಥವಾ ಕಳವಿನ ರಕ್ಷಣೆ ಸೇರಿದ ವಿಮೆ ಇರಲೇಬೇಕು. ಐದು ವರ್ಷ ಮೀರಿದ ಕಾರಿನ ವಿಮಾ ಮೌಲ್ಯವನ್ನು ಕಂಪನಿ ಮತ್ತು ಮಾಲೀಕರು ಪರಸ್ಪರ ಒಪ್ಪಿ ನಿಗದಿಪಡಿಸುತ್ತಾರೆ. ಪ್ರೀಮಿಯಂ ಉಳಿಸುವ ಆಸೆಗೆ ಅದನ್ನು ತೀರಾ ಇಳಿಸಿದರೆ ಪರಿಹಾರವೂ ಇಳಿಯುತ್ತದೆ. ಕಾರಿನಲ್ಲಿಟ್ಟ ನಗದಿಗೆ ಈ ವಿಮೆ ಅನ್ವಯಿಸದು. ಪರಿಹಾರ ಕೇಳುವಾಗ ಕಂಪನಿಗಳು ಎರಡೂ ಕೀಲಿಗಳನ್ನು ಕೇಳುವುದರಿಂದ ಎರಡನೆಯ ಕೀಲಿಯನ್ನು ಮನೆಯಲ್ಲಿ ಜೋಪಾನವಾಗಿಡಬೇಕು.

ಕಳುವಾದರೆ ಮಾಡಬೇಕಾದ್ದು

1. ತಕ್ಷಣ 112ಕ್ಕೆ ಕರೆ ಮಾಡಬೇಕು. ನೋಂದಣಿ, ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ಮೊಬೈಲ್‌ನಲ್ಲಿ ಮೊದಲೇ ಬರೆದಿಟ್ಟುಕೊಂಡಿರಬೇಕು.

2. ಎಫ್‌ಐಆರ್ ದಾಖಲಿಸಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ ಕೃತ್ಯ ಎಲ್ಲಿ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ಮಾಹಿತಿ ನೀಡಬಹುದು. ಮಸ್ಕಿ ಬಳಿ ಕಳುವಾಯಿತೆಂದು ಸಿಂಧನೂರಿನಿಂದ ವಾಪಸ್ ಕಳುಹಿಸುವಂತಿಲ್ಲ. ವಿದ್ಯುನ್ಮಾನ ಮಾರ್ಗದಲ್ಲಿ ಮಾಹಿತಿ ನೀಡಿದರೆ 3 ದಿನಗಳೊಳಗೆ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ.

3. ವಿಮಾ ಕಂಪನಿಗೆ ಅಂದೇ ಲಿಖಿತವಾಗಿ ತಿಳಿಸಬೇಕು. ಎಫ್‌ಐಆರ್ ಕೂಡಲೇ ದಾಖಲಾಗಿದ್ದರೆ, ಕಂಪನಿಗೆ ತಿಳಿಸುವುದು ತಡವಾಯಿತೆಂಬ ಕಾರಣಕ್ಕಷ್ಟೇ ಪರಿಹಾರ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಗುರ್ಶಿಂದರ್ ಸಿಂಗ್ ಪ್ರಕರಣದಲ್ಲಿ ತೀರ್ಪಿತ್ತಿದೆ.

4. ಆರ್‌ಟಿಒ ಕಚೇರಿಗೆ ಎಫ್‌ಐಆರ್ ಪ್ರತಿಯೊಂದಿಗೆ ಪತ್ರ ಕೊಡಬೇಕು.

5. ಫಾಸ್ಟ್ಯಾಗ್ ಸಂದೇಶಗಳನ್ನು ಗಮನಿಸಬೇಕು. ಟೋಲ್ ಕಡಿತದ ಸಂದೇಶ ಬಂದರೆ ಕಾರು ಸಾಗಿದ ದಾರಿ ತಿಳಿಯುತ್ತದೆ; ಅದನ್ನು ಪೊಲೀಸರಿಗೆ ತಲುಪಿಸಿದ ಬಳಿಕ ಟ್ಯಾಗ್ ಸ್ಥಗಿತಗೊಳಿಸಬಹುದು.

ಕಾರು ಪತ್ತೆಯಾಗದಿದ್ದರೆ ಪೊಲೀಸರು ನ್ಯಾಯಾಲಯಕ್ಕೆ ಸಲ್ಲಿಸುವ ‘ಸಿ’ ವರದಿಯ ಪ್ರತಿ ವಿಮಾ ಪರಿಹಾರಕ್ಕೆ ಅಗತ್ಯ. ಪತ್ತೆಯಾದರೆ ಮಾಲೀಕರು ನ್ಯಾಯಾಲಯಕ್ಕೆ ಅರ್ಜಿ ಹಾಕಿ ಮಧ್ಯಂತರವಾಗಿ ಬಿಡಿಸಿಕೊಳ್ಳಬಹುದು. ವಶಪಡಿಸಿಕೊಂಡ ವಾಹನಗಳನ್ನು ಠಾಣೆಯ ಆವರಣದಲ್ಲಿ ದೀರ್ಘಕಾಲ ಇರಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ ಎಂದು ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ 2002ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹಳೆಯ ಕಾರು ಬಿಸಿಲು ಮಳೆಯಲ್ಲಿ ಆರು ತಿಂಗಳು ನಿಂತರೆ ಮರಳಿ ಬಂದರೂ ಉಪಯೋಗಕ್ಕೆ ಬಾರದು. ಆದಕಾರಣ ಕಾರು ಸಿಕ್ಕ ಸುದ್ದಿ ತಿಳಿದ ವಾರದೊಳಗೇ ವಕೀಲರ ಮೂಲಕ ಅರ್ಜಿ ಸಲ್ಲಿಸುವುದು ಒಳ್ಳೆಯದು.