ಮತ್ತೆ ಮತ್ತೆ ಕಣ್ಣು ತೆರೆದ ನಾರಾ

ಜಪಾನಿಗೆ ಹೋದವರು ನಾರಾ ನಗರಕ್ಕೆ ಸಾಮಾನ್ಯವಾಗಿ ಒಂದು ಹಗಲನ್ನಷ್ಟೇ ಮೀಸಲಿಡುತ್ತಾರೆ. ಕ್ಯೋಟೊದಿಂದ ಬೆಳಿಗ್ಗೆ ರೈಲು ಹತ್ತಿದರೆ ಸುಮಾರು ಮುಕ್ಕಾಲು ಗಂಟೆಯ ದಾರಿ. ಜಿಂಕೆಗಳಿಗೆ ತಿನಿಸು ಕೊಟ್ಟು, ದೊಡ್ಡ ಬುದ್ಧನಿಗೆ ಕೈಮುಗಿದು, ಸಂಜೆಗೆ ಹಿಂದಿರುಗುವುದು ರೂಢಿ. ಹದಿಮೂರು ಶತಮಾನಗಳ ಊರಿಗೆ ಇಷ್ಟು ಹೊತ್ತು ಸಾಕೇ ಎಂದರೆ ಸಾಲದು. ಆದರೆ ಏನನ್ನು ನೋಡುತ್ತಿದ್ದೇವೆ ಎಂಬುದು ತಿಳಿದಿದ್ದರೆ ಆ ಒಂದು ಹಗಲೂ ಸಾರ್ಥಕವೇ.

ಕಿಂತೆತ್ಸು ರೈಲಿನಲ್ಲಿ ಬಂದವರಿಗೆ ನಿಲ್ದಾಣ ಸಿಗುವ ಕೆಲವೇ ನಿಮಿಷ ಮುಂಚೆ ವಿಶಾಲವಾದ ಬಯಲೊಂದು ಎದುರಾಗುತ್ತದೆ. ಒಂದು ಕಡೆ ಕೆಂಪು ಕಂಬಗಳ ಹೆಬ್ಬಾಗಿಲು, ಇನ್ನೊಂದು ಕಡೆ ದೂರದಲ್ಲಿ ಒಂದು ಸಿಂಹಾಸನ ಮಂಟಪ. ಇದು ಹೇಜೋ ಅರಮನೆಯ ನೆಲ. ಕ್ರಿ.ಶ. 710ರಲ್ಲಿ ಚೀನಾದ ಚಾಂಗಾನ್ ನಗರವನ್ನು ಮಾದರಿಯಾಗಿಟ್ಟುಕೊಂಡು ಇಲ್ಲಿ ರಾಜಧಾನಿ ಕಟ್ಟಿದರು. ನಡುವೆ ಕೆಲವು ವರ್ಷ ಬಿಟ್ಟರೆ 784ರವರೆಗೆ ಜಪಾನನ್ನು ಆಳಿದ್ದು ಇಲ್ಲಿಂದಲೇ. ರಾಜಧಾನಿ ಎದ್ದುಹೋದ ಮೇಲೆ ಅರಮನೆ ಗದ್ದೆಯಾಯಿತು. ಅದು ಎಷ್ಟು ಮರೆತುಹೋಗಿತ್ತೆಂದರೆ 1914ರಲ್ಲಿ ಈ ರೈಲು ಮಾರ್ಗವನ್ನು ಅದರ ಮೇಲೆಯೇ ಹಾಸಿದರು. ಹೆಬ್ಬಾಗಿಲು ಮತ್ತೆ ಎದ್ದದ್ದು 1998ರಲ್ಲಿ, ಮಂಟಪ 2010ರಲ್ಲಿ. ಹಾಗಾಗಿ ಹಳೆಯ ಊರಿನಲ್ಲಿ ಪ್ರವಾಸಿಯ ಕಣ್ಣಿಗೆ ಮೊದಲು ಬೀಳುವುದು ತೀರ ಹೊಸ ಕಟ್ಟಡಗಳು. ಈ ಗೊಂದಲ ದಿನವಿಡೀ ಬೆನ್ನು ಹತ್ತುತ್ತದೆ.

ನಿಲ್ದಾಣದಿಂದ ಐದು ನಿಮಿಷ ನಡೆದರೆ ಕೋಫುಕುಜಿ ದೇವಾಲಯ. ಇದರ ಐದಂತಸ್ತಿನ ಗೋಪುರ 1426ರದು. ಮೊದಲ ಗೋಪುರದ ಜಾಗದಲ್ಲಿ ಸುಟ್ಟಂತೆಲ್ಲ ಮತ್ತೆ ಕಟ್ಟುತ್ತ ಬಂದದ್ದು. ಈಗ ದೊಡ್ಡ ದುರಸ್ತಿಗಾಗಿ ಮರೆಯಲ್ಲಿದೆ. ಗೋಪುರ ಕಾಣಲಿಲ್ಲವೆಂದು ಬೇಸರಪಡಬೇಕಾಗಿಲ್ಲ, ಪಕ್ಕದ ಸಂಗ್ರಹಾಲಯದಲ್ಲಿ ಮೂರು ಮುಖ, ಆರು ತೋಳುಗಳ ಅಶುರ ನಿಂತಿದ್ದಾನೆ. ನಮ್ಮ ಪುರಾಣದ ಅಸುರನೇ ಇವನು. ಇಲ್ಲಿ ಬುದ್ಧನ ಕಾವಲುಗಾರ. ಕಾಲ 734. ಎತ್ತರ ಐದು ಅಡಿಯಷ್ಟು. ಹುಡುಗನ ಮೈಕಟ್ಟು, ಹುಬ್ಬು ಗಂಟಿಕ್ಕಿದ ಮುಖ. ಅಸುರನ ಮುಖದಲ್ಲಿ ಇಂಥ ವ್ಯಥೆಯನ್ನು ನಮ್ಮ ಶಿಲ್ಪಿಗಳು ಕಡೆದದ್ದು ಅಪರೂಪ. ಲ್ಯಾಕರ್ ಮರದ ಅಂಟಿನಲ್ಲಿ ಬಟ್ಟೆಯ ಪದರಗಳನ್ನು ಅದ್ದಿ ಒಂದರ ಮೇಲೊಂದು ಕೂರಿಸಿ ಮಾಡಿದ ಈ ಮೂರ್ತಿಯ ಒಳಗು ಟೊಳ್ಳು. ತೂಕ ಕಡಿಮೆ. ದೇವಾಲಯಕ್ಕೆ ಬೆಂಕಿ ಬಿದ್ದಾಗ ಇಂಥ ಹಗುರ ಮೂರ್ತಿಗಳನ್ನು ಎತ್ತಿಕೊಂಡು ಓಡಬಹುದಿತ್ತು.

ಎತ್ತಲಾಗದ್ದು ತೋದೈಜಿಯ ದೊಡ್ಡ ಬುದ್ಧ. ಅಲ್ಲಿಗೆ ಹೋಗುವ ದಾರಿ ಜಿಂಕೆಗಳ ರಾಜ್ಯ. ಸಾವಿರಕ್ಕೂ ಹೆಚ್ಚಿರುವ ಇವು ಕಸುಗ ದೇಗುಲದ ದೇವರ ವಾಹನದ ಸಂತತಿಯೆಂಬ ನಂಬಿಕೆ. ತಲೆಬಾಗಿಸಿ ನಮಸ್ಕರಿಸುತ್ತವೆಂದು ಪ್ರವಾಸಿಗಳು ಹಿಗ್ಗುತ್ತಾರೆ. ಬಿಸ್ಕತ್ತು ಕೊಡಲು ತಡವಾದರೆ ಅದೇ ತಲೆಯಿಂದ ಗುದ್ದುವುದೂ ಉಂಟು.

ದೊಡ್ಡ ಬುದ್ಧನ ಕಥೆ ಶುರುವಾಗುವುದು ಒಂದು ಪಿಡುಗಿನಿಂದ. 735ರಿಂದ 737ರವರೆಗೆ ಸಿಡುಬು ಜಪಾನನ್ನು ನುಂಗಿತು. ಆಡಳಿತದ ಚುಕ್ಕಾಣಿ ಹಿಡಿದಿದ್ದ ಫುಜಿವಾರ ಮನೆತನದ ನಾಲ್ವರು ಅಣ್ಣತಮ್ಮಂದಿರೂ ಒಂದೇ ವರ್ಷದಲ್ಲಿ ತೀರಿಕೊಂಡರು. ಬರ, ಬಂಡಾಯಗಳೂ ಸೇರಿದವು. ಕಂಗೆಟ್ಟ ಚಕ್ರವರ್ತಿ ಶೋಮು 743ರಲ್ಲಿ ವೈರೋಚನ ಬುದ್ಧನ ಬೃಹತ್ ಮೂರ್ತಿ ಎರಕ ಹೊಯ್ಯುವ ಸಂಕಲ್ಪ ಸಾರಿದ. ಒಂದು ಹುಲ್ಲುಕಡ್ಡಿ, ಒಂದು ಹಿಡಿ ಮಣ್ಣು ತಂದವನನ್ನೂ ಸೇರಿಸಿಕೊಳ್ಳಿ ಎಂಬುದು ಅವನ ಆಜ್ಞೆಯ ಸಾರ. ಹಿಂದೊಮ್ಮೆ ಸರ್ಕಾರದ ಅವಕೃಪೆಗೆ ಗುರಿಯಾಗಿದ್ದ, ಹಳ್ಳಿಗಳಲ್ಲಿ ಸೇತುವೆ, ಕೆರೆಗಳನ್ನು ಕಟ್ಟಿಸುತ್ತಿದ್ದ ಭಿಕ್ಷು ಗ್ಯೋಕಿಯನ್ನೇ ಜನರನ್ನು ಕೂಡಿಸಲು ಕರೆದರು. ಸುಮಾರು ಐನೂರು ಟನ್ ತಾಮ್ರ ಹಿಡಿಯಿತು. ಜನ ಸಂತೋಷದಿಂದಲೇ ಕೊಟ್ಟರೆಂದು ಹೇಳುವಂತಿಲ್ಲ. 757ರಲ್ಲಿ ಪಿತೂರಿಯ ಆಪಾದನೆಗೆ ಸಿಕ್ಕಿಬಿದ್ದ ನಾರಮಾರೊ ಎಂಬ ಕುಲೀನ, ತೋದೈಜಿ ಕಟ್ಟಿ ಪ್ರಜೆಗಳನ್ನು ಬವಣೆಗೆ ನೂಕಿದರೆಂದೇ ದೂರಿದ. ಅವನ ಉದ್ದೇಶ ಏನೇ ಇರಲಿ, ಮಾತು ಸುಳ್ಳಾಗಿರಲಾರದು.

752ರಲ್ಲಿ ಮೂರ್ತಿಗೆ ನೇತ್ರೋನ್ಮೀಲನ. ಕಣ್ಣು ಬರೆಯುವ ಗೌರವ ಸಂದದ್ದು ಒಬ್ಬ ಭಾರತೀಯನಿಗೆ. ಬೋಧಿಸೇನ ಎಂಬ ಆ ಭಿಕ್ಷು ದಕ್ಷಿಣ ಭಾರತದ ಬ್ರಾಹ್ಮಣ ಕುಲದವನೆಂದು ಜಪಾನಿ ದಾಖಲೆಗಳು ಹೇಳುತ್ತವೆ. ಚೀನಾಕ್ಕೆ ಹೋಗಿದ್ದವನು ಅಲ್ಲಿಂದ ಜಪಾನಿ ರಾಯಭಾರಿಗಳ ಆಹ್ವಾನದ ಮೇಲೆ 736ರಲ್ಲಿ ಇಲ್ಲಿಗೆ ಬಂದ. ಜೊತೆಗೆ ಬಂದವನು ಚಂಪಾ ರಾಜ್ಯದ, ಎಂದರೆ ಈಗಿನ ಮಧ್ಯ ವಿಯೆಟ್ನಾಂನ ಒಬ್ಬ ಭಿಕ್ಷು. ಬೋಧಿಸೇನ ಹಿಡಿದ ಕುಂಚಕ್ಕೆ ಉದ್ದನೆಯ ನೀಲಿ ದಾರ ಕಟ್ಟಿದ್ದರು. ನೆರೆದವರು ಆ ದಾರವನ್ನು ಹಿಡಿದು ನಿಂತರು. ಕುಂಚ ಒಬ್ಬನ ಕೈಯಲ್ಲಿದ್ದರೂ ಕಣ್ಣು ತೆರೆಸಿದ ಪುಣ್ಯ ಎಲ್ಲರಿಗೂ ಸಲ್ಲಲಿ ಎಂದು. ಬೋಧಿಸೇನ ಮರಳಿ ಹೋಗಲಿಲ್ಲ. 760ರಲ್ಲಿ ನಾರಾದಲ್ಲಿಯೇ ಕಾಲವಾದ.

ಆದರೆ ಈಗ ಕಾಣುವ ಕಣ್ಣುಗಳು ಅವನು ಬರೆದವಲ್ಲ. 855ರ ಭೂಕಂಪದಲ್ಲಿ ಮೂರ್ತಿಯ ತಲೆ ಉರುಳಿತು. ಸರಿಪಡಿಸಿ 861ರಲ್ಲಿ ಮತ್ತೊಮ್ಮೆ ಕಣ್ಣು ತೆರೆಸಿದರು. 1180ರ ಚಳಿಗಾಲದಲ್ಲಿ ತಾಯಿರಾ ಸೇನೆ ಹಚ್ಚಿದ ಬೆಂಕಿಗೆ ಮಂದಿರ ಬೂದಿಯಾಗಿ, ಅಲ್ಲಿ ಆಶ್ರಯ ಪಡೆದಿದ್ದ ಜನರೂ ಬೆಂದುಹೋದರು. ಮೂರ್ತಿ ಕರಗಿತು. ಅರವತ್ತು ದಾಟಿದ ಚೋಗೆನ್ ಎಂಬ ಭಿಕ್ಷು ಊರೂರು ಅಲೆದು ಹಣ ಕೂಡಿಸಿದ. 1185ರಲ್ಲಿ ನಿವೃತ್ತ ಚಕ್ರವರ್ತಿ ಗೋ-ಶಿರಾಕಾವ ಅಟ್ಟಣೆ ಹತ್ತಿ, ಬೋಧಿಸೇನ ಬಳಸಿದ ಅದೇ ಕುಂಚದಿಂದ ಕಣ್ಣು ಬರೆದ. 1567ರಲ್ಲಿ ಮತ್ತೆ ಯುದ್ಧ, ಮತ್ತೆ ಬೆಂಕಿ. ಈ ಸಲ ಬುದ್ಧ ನೂರು ವರ್ಷಕ್ಕೂ ಮಿಕ್ಕಿ ಮಳೆಬಿಸಿಲಿನಲ್ಲಿ ಕುಳಿತಿದ್ದ. ಕೋಕೆಯಿ ಎಂಬ ಭಿಕ್ಷು 1684ರಲ್ಲಿ ಭಿಕ್ಷಾಪಾತ್ರೆ ಹಿಡಿದು ಹೊರಟ ಮೇಲೆ, 1692ರಲ್ಲಿ ನಾಲ್ಕನೆಯ ಸಲ ಕಣ್ಣು ತೆರೆಯಿತು. ಮಂದಿರ ಮುಗಿದದ್ದು 1709ರಲ್ಲಿ. ಅದನ್ನು ನೋಡಲು ಕೋಕೆಯಿ ಇರಲಿಲ್ಲ; 1705ರಲ್ಲೇ ತೀರಿಕೊಂಡಿದ್ದ.

ಅಗಲದಲ್ಲಿ ಹನ್ನೊಂದು ಅಂಕಣಗಳಿದ್ದ ಮಂದಿರ ಏಳಕ್ಕೆ ಇಳಿಯಿತು. ಹಣವೂ ಸಾಲಲಿಲ್ಲ, ಅಂಥ ಮರವೂ ಸಿಗಲಿಲ್ಲ. ಆದರೂ 57 ಮೀಟರ್ ಅಗಲ, 48 ಮೀಟರ್ ಎತ್ತರದ ಆ ಕಟ್ಟಡದ ಮುಂದೆ ಮನುಷ್ಯ ಇರುವೆಯಂತೆ ಕಾಣುತ್ತಾನೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಚಾವಣಿ ಕುಸಿಯತೊಡಗಿದಾಗ ಒಳಗೆ ಉಕ್ಕಿನ ತೊಲೆಗಳನ್ನು ಸೇರಿಸಿದ್ದಾರೆ. ಹದಿನೈದು ಮೀಟರ್ ಎತ್ತರದ ಮೂರ್ತಿಯಲ್ಲಿ ಎಂಟನೆಯ ಶತಮಾನದ್ದಾಗಿ ಉಳಿದದ್ದು ಕೆಳಭಾಗದ ಕೆಲವು ತುಂಡುಗಳು ಮತ್ತು ಪೀಠದ ಕಮಲದ ದಳಗಳು. ಪ್ರವಾಸಿಗಳು ಕತ್ತೆತ್ತಿ ಮುಖವನ್ನೇ ನೋಡುತ್ತಾರೆ. ಅದು ಹದಿನೇಳನೆಯ ಶತಮಾನದ ಮುಖ.

ಹಾಗಾದರೆ ಆ ಕುಂಚ ಎಲ್ಲಿ ಉಳಿಯಿತು? ಮಂದಿರದ ಹಿಂದೆ ಶೋಸೋಇನ್ ಎಂಬ ಮರದ ಉಗ್ರಾಣವಿದೆ. ನೆಲದಿಂದ ಆಳೆತ್ತರಕ್ಕೂ ಮೇಲೆ, ಕಂಬಗಳ ಮೇಲೆ ನಿಂತ ಕಣಜದಂಥ ಕಟ್ಟಡ. 756ರಲ್ಲಿ ಶೋಮು ತೀರಿಕೊಂಡಾಗ ರಾಣಿ ಕೋಮ್ಯೋ ಅವನ ಪ್ರಿಯ ವಸ್ತುಗಳನ್ನು ಬುದ್ಧನಿಗೆ ಒಪ್ಪಿಸಿದಳು. ಅವು ಇಲ್ಲಿ ಸೇರಿದವು. ಚಕ್ರವರ್ತಿಯ ಮುದ್ರೆಯಿಲ್ಲದೆ ಬಾಗಿಲು ತೆರೆಯುವಂತಿರಲಿಲ್ಲ. ಎರಡು ಮಹಾ ಅಗ್ನಿಗಳನ್ನೂ ತಪ್ಪಿಸಿಕೊಂಡದ್ದು ಈ ಸಾದಾ ಮರದ ಮನೆ! ಅದರಲ್ಲಿದ್ದ ಕುಂಚ, ನೀಲಿ ದಾರ, ಒಂಟೆ ಸವಾರನ ಚಿತ್ರವಿರುವ ಐದು ತಂತಿಯ ವೀಣೆ ಇಂದಿಗೂ ಇವೆ. ರಾಣಿ ಔಷಧಿಗಳನ್ನೂ ಕೊಟ್ಟಿದ್ದಳು, ಅರುವತ್ತು ಬಗೆಯವು. ರೋಗಿಗಳಿಗೆ ಬೇಕಾದಾಗ ತೆಗೆದು ಕೊಡಿ ಎಂದು. ಆ ಪಟ್ಟಿಯಲ್ಲಿ ಕಾಳುಮೆಣಸಿದೆ, ಅಳಲೆಕಾಯಿಯಿದೆ. ನಮ್ಮ ಅಜ್ಜಿಯರ ಮದ್ದಿನ ಡಬ್ಬಿಯ ಸಾಮಾನು ಕಡಲು ದಾಟಿ ರಾಜಭಂಡಾರ ಸೇರಿತ್ತು. ಈ ವಸ್ತುಗಳಲ್ಲಿ ಕೆಲವನ್ನಷ್ಟೇ ಪ್ರತಿ ಶರತ್ಕಾಲದಲ್ಲಿ ಕೆಲವು ದಿನ ನಾರಾ ವಸ್ತುಸಂಗ್ರಹಾಲಯದಲ್ಲಿ ತೋರಿಸುತ್ತಾರೆ. ಉಳಿದ ಕಾಲದಲ್ಲಿ ಹೋದವರಿಗೆ ಉಗ್ರಾಣದ ಹೊರನೋಟ ಮಾತ್ರ.

ಹೊತ್ತು ಇಳಿಯುವಾಗ ಗುಡ್ಡದ ಮೇಲಿನ ನಿಗತ್ಸುದೋಗೆ ಮೆಟ್ಟಿಲು ಹತ್ತಬೇಕು. ಎರಡನೆಯ ತಿಂಗಳ ಮಂದಿರ ಎಂದು ಹೆಸರಿನ ಅರ್ಥ. ಚಾಂದ್ರಮಾನದ ಆ ತಿಂಗಳಿನ, ಈಗ ಮಾರ್ಚ್ ಮೊದಲ ಎರಡು ವಾರಗಳಲ್ಲಿ ನಡೆಯುವ ವ್ರತ ಇದರ ವಿಶೇಷ. ಹನ್ನೊಂದು ಭಿಕ್ಷುಗಳು ಲೋಕದ ಪಾಪಗಳಿಗಾಗಿ ತಾವು ಕ್ಷಮೆ ಬೇಡುತ್ತಾರೆ. ರಾತ್ರಿ ಅವರ ಸಹಾಯಕರು ಭಾರಿ ಪಂಜುಗಳನ್ನು ಹೊತ್ತು ಜಗಲಿಯ ಉದ್ದಕ್ಕೂ ಓಡುತ್ತಾರೆ. ಕಿಡಿಗಳು ಕೆಳಗೆ ನಿಂತವರ ಮೇಲೆ ಉದುರುತ್ತವೆ. ಬೆಂಕಿಯಿಂದಲೇ ಇಷ್ಟು ನೊಂದ ಊರು ಬೆಂಕಿಯನ್ನೇ ಪೂಜೆಗೆ ಇಟ್ಟುಕೊಂಡಿದೆ. 1667ರ ವ್ರತದ ವೇಳೆಯಲ್ಲೇ ಮಂದಿರ ಸುಟ್ಟಿತು. ಈಗಿನದು 1669ರದು. ವ್ರತ ಮಾತ್ರ 752ರಿಂದ ಒಂದು ವರ್ಷವೂ ತಪ್ಪಿಲ್ಲ. ತೋದೈಜಿ ಬೂದಿಯಾಗಿದ್ದ 1181ರಲ್ಲಿಯೂ ಕೆಲವರು ಹಟ ಹಿಡಿದು ನಡೆಸಿದರು.

ಗರ್ಭಗೃಹದಲ್ಲಿ ಏಕಾದಶಮುಖ ಅವಲೋಕಿತೇಶ್ವರನ ಎರಡು ಮೂರ್ತಿಗಳಿವೆ. ಅವನ್ನು ನೋಡುವ ಅವಕಾಶ ಯಾರಿಗೂ ಇಲ್ಲ, ಪೂಜಿಸುವ ಭಿಕ್ಷುಗಳಿಗೂ ಇಲ್ಲ. ಪ್ರವಾಸಿಗಳು ಹೊರಗಿನ ಜಗಲಿಯಲ್ಲಿ ನಿಲ್ಲುತ್ತಾರೆ. ಕೆಳಗೆ ದೊಡ್ಡ ಬುದ್ಧನ ಮಂದಿರದ ಚಾವಣಿ, ಅದರಾಚೆ ದೀಪ ಹೊತ್ತಿಕೊಳ್ಳುತ್ತಿರುವ ಊರು, ಇನ್ನೂ ಪಡುವಣಕ್ಕೆ ಬೆಳಿಗ್ಗೆ ರೈಲು ಹಾದು ಬಂದ ಆ ಬಯಲು.