ಅರ್ಧ ದಿನದ ಸ್ಕೂಲು

ಹತ್ತನೇ ಕ್ಲಾಸು ಮುಗಿಸಿದ ಅಣ್ಣನ ಮಗ ಐಟಿಐ ಸೇರಿ ಎಲೆಕ್ಟ್ರಿಷಿಯನ್ ಆಗುತ್ತೇನೆ ಅಂದನಂತೆ. ಕೊಳ್ಳೇಗಾಲದಿಂದ ಅತ್ತಿಗೆ ಫೋನು ಮಾಡಿ, "ಮಾರ್ಕ್ಸು ಚೆನ್ನಾಗೇ ಬಂದಿದೆ, ನೀನಾದ್ರೂ ಬುದ್ಧಿ ಹೇಳಪ್ಪ" ಎಂದು ಅತ್ತರು. ಅಷ್ಟರಲ್ಲಿ ಅಪ್ಪ ಫೋನು ಇಸಿದುಕೊಂಡು ಕೇಳಿದ್ದು ಒಂದೇ ಮಾತು: "ಅದು ಅರ್ಧ ದಿನದ ಸ್ಕೂಲಾ, ಪೂರ್ತಿ ದಿನದ್ದಾ?"

ಆ ಪ್ರಶ್ನೆಯ ಬೇರು ನಾನೀಗ ಬದುಕುತ್ತಿರುವ ಚೆನ್ನೈನಲ್ಲಿದೆ.

1953ರಲ್ಲಿ ಕೊಳ್ಳೇಗಾಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ದಕ್ಷಿಣ ಕನ್ನಡ, ಕಾಸರಗೋಡುಗಳೂ ಮದ್ರಾಸಿನ ಆಳ್ವಿಕೆಯಲ್ಲೇ ಇದ್ದವು. ಆ ವರ್ಷ ಮುಖ್ಯಮಂತ್ರಿ ರಾಜಾಜಿ ಹಳ್ಳಿಗಳ ಪ್ರಾಥಮಿಕ ಶಾಲೆಗಳಿಗೆ ಹೊಸ ಯೋಜನೆ ತಂದರು. ಒಂದು ತಂಡಕ್ಕೆ ಬೆಳಿಗ್ಗೆ ಮೂರು ಗಂಟೆ ಪಾಠ, ಇನ್ನೊಂದಕ್ಕೆ ಮಧ್ಯಾಹ್ನ. ಉಳಿದ ಹೊತ್ತಿನಲ್ಲಿ ಹುಡುಗರು ಅಪ್ಪನ ಕಸುಬು, ಹುಡುಗಿಯರು ಮನೆಗೆಲಸ ಕಲಿಯಬೇಕು. ಕಾರಣ ಪೊಳ್ಳೇನಲ್ಲ: ದುಡ್ಡಿಲ್ಲ, ಮೇಷ್ಟ್ರು ಸಾಲದು, ಅದೇ ಕೋಣೆ, ಅದೇ ಮೇಷ್ಟ್ರನ್ನು ಇಟ್ಟುಕೊಂಡು ಎರಡರಷ್ಟು ಮಕ್ಕಳಿಗೆ ಕಲಿಸಬಹುದಿತ್ತು. ಕೈಕೆಲಸಕ್ಕೆ ಗೌರವ ಬರಲಿ ಎಂಬ ಆಸೆಯೂ ಇತ್ತು.

ಆದರೆ ಪಟ್ಟಣದ ಗುಮಾಸ್ತರ ಮಗನಿಗೆ ಪೂರ್ತಿ ದಿನದ ಪಾಠ, ಹಳ್ಳಿಯ ನೇಕಾರನ ಮಗನಿಗೆ ಅರ್ಧ ದಿನದ್ದು. ಆಗ ಮೂರನೇ ಕ್ಲಾಸಿನಲ್ಲಿದ್ದ ಅಪ್ಪ ಮಧ್ಯಾಹ್ನವೆಲ್ಲ ತಾತನ ಮಗ್ಗದ ಪಕ್ಕ ಕೂತು ಕಂಡಿಕೆ ಸುತ್ತುತ್ತಿದ್ದರಂತೆ. "ಅದನ್ನ ಕಲಿಯೋಕೆ ಸರ್ಕಾರದ ಆರ್ಡರು ಬೇಕಿತ್ತೇನೋ?" ಎಂದು ಇಂದಿಗೂ ನಗುತ್ತಾರೆ.

ಮದ್ರಾಸಿನಲ್ಲಿ ಯಾರೂ ನಗಲಿಲ್ಲ. ಇದಕ್ಕೆ 'ಕುಲ ಕಲ್ವಿ ತಿಟ್ಟಂ' ಎಂಬ ಹೆಸರು ಬಿತ್ತು; ಅಂದರೆ ಕುಲಕಸುಬಿನ ಶಿಕ್ಷಣ ಯೋಜನೆ. ಈರೋಡಿನ ಕನ್ನಡ ಮನೆಮಾತಿನ ಕುಟುಂಬದಲ್ಲಿ ಹುಟ್ಟಿದ ಪೆರಿಯಾರರು ಅದರ ವಿರುದ್ಧ ನಿಂತರು, ಡಿಎಂಕೆ ಬೀದಿಗಿಳಿಯಿತು, ಕಾಂಗ್ರೆಸ್ಸಿನೊಳಗೂ ಅಸಮಾಧಾನ ಹೊಗೆಯಾಡಿತು. 1954ರಲ್ಲಿ ರಾಜಾಜಿ ರಾಜೀನಾಮೆ ಕೊಟ್ಟರು. ಏಪ್ರಿಲ್‌ನಲ್ಲಿ ಮುಖ್ಯಮಂತ್ರಿಯಾದ ಕಾಮರಾಜರು, ತಾವೇ ಚಿಕ್ಕಂದಿನಲ್ಲಿ ಶಾಲೆ ಬಿಟ್ಟವರು, ಮೇ ತಿಂಗಳಲ್ಲಿ ಯೋಜನೆಯನ್ನು ಕೈಬಿಟ್ಟರು.

ಜನ ತಿರಸ್ಕರಿಸಿದ್ದು ಕಸುಬನ್ನಲ್ಲ, ಕಸುಬನ್ನು ಹುಟ್ಟಿಗೆ ಕಟ್ಟಿಹಾಕಿದ್ದನ್ನು ಎಂದು ನನಗನ್ನಿಸುತ್ತದೆ. ಇದೇ ಊರಲ್ಲಿ ಬೇರೆ ದಾರಿಯೂ ಇತ್ತು. 1850ರಲ್ಲಿ ಅಲೆಕ್ಸಾಂಡರ್ ಹಂಟರ್ ಎಂಬ ವೈದ್ಯರು ಕಲಾಶಾಲೆ ತೆರೆದರು. ಮುಂದೆ ಅದು ಸರ್ಕಾರಿ ಕೈಗಾರಿಕಾ ಕಲಾಶಾಲೆಯಾಯಿತು. 1898ರ ಸುಮಾರಿಗೆ ಆಲ್ಫ್ರೆಡ್ ಚಾಟರ್ಟನ್ ಅಲ್ಲಿನ ಕಾರ್ಯಾಗಾರದಲ್ಲಿ ಅಲ್ಯೂಮಿನಿಯಂ ಪಾತ್ರೆ ಮಾಡಿಸತೊಡಗಿದರು. ಆ ಲೋಹಕ್ಕೆ ನಮ್ಮಲ್ಲಿ ಕುಲವೇ ಇರಲಿಲ್ಲ. ಅದು ಯಾರ ಅಪ್ಪನ ಕಸುಬೂ ಅಲ್ಲ. ಇದೇ ಚಾಟರ್ಟನ್ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಸ್ಥರಾದರು; 1916ರಲ್ಲಿ ಶುರುವಾದ ನಮ್ಮ ಗಂಧದೆಣ್ಣೆ ಕೆಲಸದ ಹಿಂದೆಯೂ ಅವರಿದ್ದಾರೆ.

ಅರ್ಧ ದಿನದ ಶಾಲೆ ಹೋಯಿತು, ಅದು ಬಿಟ್ಟುಹೋದ ಅನುಮಾನ ಹೋಗಲಿಲ್ಲ. ಕೈಯಲ್ಲಿ ಉಪಕರಣ ಹಿಡಿಸುವ ಕಲಿಕೆ ಎಂದರೆ ನಮ್ಮವರಿಗೆ ಇವತ್ತಿಗೂ ಕೆಳಗೆ ತಳ್ಳುವ ಕಲಿಕೆ. ಅತ್ತಿಗೆಯ ಕಣ್ಣೀರಲ್ಲಿ ಅದೇ ಭಯವಿದೆ. ಅದನ್ನು ಮೌಢ್ಯ ಎನ್ನಲು ನನಗೆ ಬಾಯಿ ಬರುವುದಿಲ್ಲ. ನಾನು ಹೇಳಿದ್ದಿಷ್ಟೇ: ಐಟಿಐ ಮುಗಿಸಿದವನು ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು, ಅಲ್ಲಿಂದ ಇಂಜಿನಿಯರಿಂಗಿನ ಎರಡನೇ ವರ್ಷಕ್ಕೆ. ಏಣಿ ಇದೆ, ಹತ್ತುವವರು ಇನ್ನೂ ಕಡಿಮೆ.

ಅಪ್ಪನಿಗೆ ಮಾತ್ರ ನೇರವಾಗಿ ಉತ್ತರಿಸಿದೆ: "ಪೂರ್ತಿ ದಿನದ್ದೇ ಅಪ್ಪ. ಅವನೇ ಆರಿಸಿಕೊಂಡಿದ್ದು."

"ಹಂಗಾದ್ರೆ ಹೋಗ್ಲಿ ಬಿಡು," ಎಂದರು.